ಸುವರ್ಣಾ ಕೂತು ಉಂಡ ಮಧ್ಯಾಹ್ನ

ಎಲ್ಲರಿಗೂ ಉಣಿಸಿ ಕೊನೆಗೆ ನಿಂತುಕೊಂಡೇ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುವುದು ಸುವರ್ಣಾಗೆ ರೂಢಿಯಾಗಿತ್ತು. ಮಗಳು ತನ್ವಿಯ ಕೈ ಹುಟ್ಟಿನಿಂದಲೇ ನಡುಗುತ್ತದೆ. ಅದಕ್ಕೇ ಸುವರ್ಣಾ ದಿನಾ ಮಧ್ಯಾಹ್ನ ನಾರಾಯಣಗೂಡದ ಶಾಲೆಗೆ ಓಡಿಬಂದು ತುತ್ತಿಡುತ್ತಿದ್ದಳು. ಮಗಳು ನಾಚಿಕೊಂಡು ಅರ್ಧಕ್ಕೇ ಸಾಕೆನ್ನುತ್ತಿದ್ದಳು. ತಾನು ಬರದಿದ್ದರೆ ಅಷ್ಟೂ ಉಣ್ಣಲಾರಳೆಂದು ಸುವರ್ಣಾಗೆ ಭಯ.

ಈ ವರ್ಷ ಟೀಚರು ದಿನಾ ಬೆಳಗ್ಗೆ ಮಕ್ಕಳನ್ನು ಸುತ್ತ ಕೂರಿಸಿ ಮನಸ್ಸಿನಲ್ಲಿದ್ದುದನ್ನು ಹೇಳಿಸುತ್ತಿದ್ದರು. ತನಗೆ ತಾನೇ ಉಣ್ಣುವ ಆಸೆ ಎಂದು ತನ್ವಿ ಇವತ್ತು ಅಲ್ಲಿ ಹೇಳಿಬಿಟ್ಟಿದ್ದಳು.

ಮಧ್ಯಾಹ್ನ ಸುವರ್ಣಾ ಬಂದಾಗ ತನ್ವಿಯ ಗೆಳತಿ ತಾರಾ ಕೇಳುತ್ತಿದ್ದಳು, "ತಾಟು ಹಿಡೀಲೇನು?"

"ತಾಟಷ್ಟ ಹಿಡಿ. ರೊಟ್ಟಿ ನಾನ ಮುರೀತೀನಿ," ಎಂದಳು ತನ್ವಿ.

ತುತ್ತು ಬಾಯಿಗೆ ಒಯ್ಯುವಾಗ ಶೇಂಗಾ ಚಟ್ನಿ ಅವಳ ಮೂಗಿಗೂ ಹತ್ತಿತು. ಸುವರ್ಣಾ ಸೆರಗು ಹಿಡಿದು ಮುಂದೆ ಬಂದಳು.

"ಅವ್ವಾ, ಈಗ ಒರಸಬ್ಯಾಡ! ಇನ್ನೂ ಭಾಳ ಹತ್ತೂದೈತಿ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ತನ್ವಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊಟ್ಟೆ ತುಂಬ ಉಂಡು, ಡಬ್ಬಿಯಲ್ಲಿ ಉಳಿದ ರೊಟ್ಟಿಯನ್ನು ಅವ್ವನ ಕೈಗಿಟ್ಟಳು. ಸುವರ್ಣಾ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ತಿನ್ನತೊಡಗಿದಳು.

ಊಟಕ್ಕೆ ಮನೆಗೆ ಬಂದಿದ್ದ ಗಂಡ ಶಾಂತಕುಮಾರನ ಫೋನು ಬಂತು. "ಎಲ್ಲಿದ್ದೀ? ನನಗ ಬಡಸವ್ರು ಯಾರು?"

"ನಾ ಉಣ್ಣಾಕತ್ತೀನ್ರಿ. ನಿಮ್ಮ ಮಗಳು ಇವತ್ತ ತನ್ನ ಕೈಯಿಂದನ ಉಂಡಾಳ. ನೀವೂ ಬಡಿಸಿಕೊಂಡು ನೋಡ್ರಿ, ಬರತೈತಿ!"