ಗಾದೆಪ್ಪ ಹಾಕದ ಸಹಿ

ಹೊಸಹಳ್ಳಿ ಹತ್ತಿರದ ಒಂದು ಗ್ರಾಮ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್ ಆಗಿರುವ ಗಾದೆಪ್ಪ, ಖಾಲಿ ಹಾಳೆಯ ಕೆಳಗೆ ಊರವರ ಸಹಿ ಹಾಕಿಸಿಕೊಂಡು, ಮೇಲಿನದನ್ನು ಆಮೇಲೆ ತಾನೇ ತುಂಬಿಕೊಳ್ಳುವುದರಲ್ಲಿ ಪಳಗಿದವನು. ಅದಕ್ಕೇ ಬೇರೆಯವರು ಒಡ್ಡಿದ ಕಾಗದಕ್ಕೆ ಅವನ ಕೈ ಏಳುತ್ತಿರಲಿಲ್ಲ.

ಲಾಟರಿ ಹೊಡೆದಂತೆ ದಿಲ್ಲಿಯ ತರಬೇತಿಗೆ ಹೆಸರು ಬಂದಾಗ, ಹೋಟೆಲಿನ ಹೊದಿಕೆಯನ್ನೂ ನಂಬದೆ, ಅವ್ವ ಕೊಟ್ರಬಸಮ್ಮನಿಗೆ ಹೇಳದೆ, ಹೊದೆಯಲು ಮನೆಯ ಗದ್ದಿಗೆ ಕಂಬಳಿಯನ್ನೇ ಸೂಟ್‌ಕೇಸಿಗೆ ತುರುಕಿದ್ದ. ತಮ್ಮ ಕುರಿಗಳ ಉಣ್ಣೆಯಿಂದ ಅಪ್ಪ ನೇಯಿಸಿದ್ದ ಅದನ್ನು ಶುಭಕಾರ್ಯಕ್ಕೆ ಮಾತ್ರ ಹಾಸುತ್ತಿದ್ದರು. ತರಬೇತಿ ಮುಗಿದ ಮೇಲಿನ ಸೋಮವಾರ ತಂಗಿ ಶೃತಿಯ ನಿಶ್ಚಿತಾರ್ಥ.

ಮರಳುವಾಗ ವಿಮಾನದಲ್ಲಿ ಹುಬ್ಬಳ್ಳಿಗೆ ಗಾದೆಪ್ಪ ಬಂದ, ಸೂಟ್‌ಕೇಸು ಬರಲಿಲ್ಲ.

"ಇಲ್ಲೊಂದು ಸಹಿ ಹಾಕಿ ಸರ್, ಹುಡುಕೋ ಜವಾಬ್ದಾರಿ ನಮ್ಮದು," ಎಂದು ವಿಮಾನ ಕಂಪನಿಯ ಕೌಂಟರಿನ ಹುಡುಗಿ ಕಾಗದ ಸರಿಸಿದಳು. ಅದರ ತುಂಬ ಇರುವೆಸಾಲಿನಂಥ ಇಂಗ್ಲಿಷು.

"ನಾನೂ ಮಂದೀಗೆ ಹಿಂಗ ನಕ್ಕೋಂತ ಹೇಳ್ತೀನ್ರಿ ಮೇಡಂ," ಎಂದವನೇ ಎದ್ದು ಬಂದ.

ಮರುದಿನ ಫೋನ್ ಮಾಡಿದರೆ ಕಂಪನಿಯವರು ದೂರಿನ ನಂಬರ್ ಕೇಳಿದರು. ಇರಲಿಲ್ಲ. ಸೂಟ್‌ಕೇಸನ್ನು ನೀವೇ ಒಯ್ದಿರಬಹುದಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ತನಗಿಂತ ಅನುಮಾನದವರು ಗಾದೆಪ್ಪನಿಗೆ ಸಿಕ್ಕಿದ್ದು ಅದೇ ಮೊದಲು.

ಕೂಡ್ಲಿಗಿ ಕೋರ್ಟಿನ ಎದುರು ಅರ್ಜಿ ಬರೆಯುವ ದುರುಗಣ್ಣನ ಬಳಿ ಓಡಿದ.

"ಲೇ ಶ್ಯಾಣ್ಯಾ, ಅವರ ಕೈಗೆ ಕೊಟ್ಟ ಸಾಮಾನು ಕಳದ್ರ ಕಾನೂನು ಪ್ರಕಾರ ಅವರ ಹೊಣಿ. ನೀ ಬಿಟ್ಟು ಬಂದಿದ್ದು ನಿನ್ನ ದೂರಿನ ಕಾಗದ. ಆ ಹುಡುಗಿ ನಿನ್ನ ಪರವಾಗಿ ಬರದಿದ್ಲು!"

"ನನಗೇನ್ ಗೊತ್ತಣ್ಣ..."

"ಲಗೇಜ್ ಚೀಟಿನಾದ್ರೂ ಐತೇನು?"

ಇತ್ತು. ಯಾರಾದರೂ ಕದ್ದಾರೆಂದು ಆಧಾರ್ ಕಾರ್ಡಿನ ಕವರಿನೊಳಗೆ ಅಡಗಿಸಿಟ್ಟಿದ್ದ. ದುರುಗಣ್ಣ ದೂರು ಬರೆದ. ಗಾದೆಪ್ಪ ನಾಲ್ಕು ಸಲ ಓದಿ, ಖಾಲಿ ಜಾಗಕ್ಕೆಲ್ಲ ಗೀಟು ಎಳೆದು ಸಹಿ ಹಾಕಿದ. ಚೀಟಿಯ ಫೋಟೋದೊಡನೆ ಕಳಿಸಿದ್ದಕ್ಕೆ, ಸೋಮವಾರ ಮನೆಗೇ ತಲುಪಿಸುತ್ತೇವೆ ಎಂಬ ಮೆಸೇಜು ಬಂತು. ಅದನ್ನೂ ಅವನು ನಂಬಲಿಲ್ಲ.

ಸೋಮವಾರ ಬೀಗರು ಕೊಟ್ಟೂರು ದಾಟಿದರೆಂಬ ಸುದ್ದಿ ಬಂದಾಗ ಕೊಟ್ರಬಸಮ್ಮ ಬರಿಗೈಯಲ್ಲಿ ಅಟ್ಟ ಇಳಿದಳು.

"ಕಂಬಳಿ ಎಲ್ಲೈತಲೇ?"

ಅಷ್ಟರಲ್ಲೇ ಬಾಗಿಲಿಗೆ ಸೂಟ್‌ಕೇಸು ಹೊತ್ತ ವ್ಯಾನು ಬಂತು.

"ಎಲ್ಲಾ ಸರಿಯಾಗಿ ಮುಟ್ಟೈತಿ ಅಂತ ಸಹಿ ಹಾಕ್ರಿ," ಎಂದ ಡ್ರೈವರ್.

ಪಾಠ ಕಲಿತಿದ್ದ ಗಾದೆಪ್ಪ ತಟ್ಟನೆ ಪೆನ್ನು ಹಿಡಿದ. ಅವ್ವ ಅವನ ಮುಂಗೈ ಹಿಡಿದಳು. "ತೆಗದು ನೋಡಲೇ ಮೊದ್ಲು!"

ಸೂಟ್‌ಕೇಸಿನ ಒಂದು ಗಾಲಿ ಮುರಿದಿತ್ತು. ಕಂಬಳಿ ಇತ್ತು. ಅವಳು ಅಂಚು ತಿರುವಿದಳು, ಮೂಸಿದಳು, ಮಗನನ್ನು ನೋಡಿದಳು.

"ನಮ್ಮದ ಐತಿ. ಆದ್ರ ಇದರಾಗ ಯಾರೋ ಮಲಗ್ಯಾರ."

ಗಾದೆಪ್ಪ ತಲೆ ಎತ್ತದೆ, 'ಒಂದು ಗಾಲಿ ಮುರಿದಿದೆ' ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದ. ಮಲಗಿದವರು ಯಾರೆಂದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ.