ಚಂಡೆಗೆ ಹೋದ ಕಿವಿ

ಶಿರಸಿಯ ಕಿವಿ ಡಾಕ್ಟರು ಯಂತ್ರಗಳನ್ನೆಲ್ಲ ಬದಿಗಿಟ್ಟು ಒಂದು ಮಾತು ಕೇಳಿದರು: “ರಂಗಸ್ಥಳದಲ್ಲಿ ಚಂಡೆಯವರು ನಿಮ್ಮ ಯಾವ ಕಡೆ ನಿಲ್ತಾರೆ?”

“ಎಡಕ್ಕೆ,” ಅಂದರು ನನ್ನ ಗಂಡ.

“ಕೇಳದ ಕಿವಿ?”

ಗಂಡ ಬಲಗಿವಿ ಮುಟ್ಟಿಕೊಂಡರು. ಮುಟ್ಟಿದ ಕೈ ಕೆಳಗಿಳಿಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತ ನಾನು ಡಾಕ್ಟರ ಮುಖ ನೋಡಿದೆ.

ಅವರು ಹಗಲು ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾರೆ, ಆಟವಿದ್ದ ದಿನ ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಾರೆ. ಹಿಮ್ಮೇಳದವರಲ್ಲಿ ಕಿವಿ ಮಂದವಾಗುವುದು ರೋಗವಲ್ಲ, ಅದೊಂದು ಬಿರುದು. ಚಂಡೆಯ ಪಕ್ಕ ಇಷ್ಟು ವರ್ಷ ಕೂತವರು ಎಂಬುದಕ್ಕೆ ಸಾಕ್ಷಿ. “ಇವ್ರ ಕಿವಿ ಚಂಡೆಗೆ ಹೋತು” ಎಂದು ಯಾರಾದರೂ ಅಂದರೆ ಈ ಮನುಷ್ಯನ ಎದೆ ಉಬ್ಬುತ್ತಿತ್ತು. ಕಿವಿಯಲ್ಲಿ ಗುಂಯ್ ಅನ್ನುವುದಕ್ಕೂ ಚಂಡೆ ಕಾರಣ. ಎದ್ದು ನಡೆಯುವಾಗ ವಾಲುವುದಕ್ಕೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂತದ್ದು ಕಾರಣ. ಕೊನೆಗೆ ಸಿದ್ದಾಪುರದ ಒಂದು ಆಟದಲ್ಲಿ ಮಂಗಳ ಮುಗಿದು ಏಳುವಾಗ ಮದ್ದಳೆ ಸಮೇತ ಬಿದ್ದರು. ಆಗಲೂ ಎಲ್ಲ ನಕ್ಕರು, ನಾನೂ ನಕ್ಕೆ. ಮದ್ದಳೆ ಒಡೆಯಲಿಲ್ಲವಲ್ಲ ಎಂದು ಅವರು ಸಮಾಧಾನಪಟ್ಟುಕೊಂಡರು. ಮರುದಿನ ನಾನೇ ಹಟ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು.

ಚಂಡೆ ಎಡಕ್ಕೆ, ಹೋದದ್ದು ಬಲಗಿವಿ. ಇಷ್ಟು ಸರಳ ಸಂಗತಿ ಒಬ್ಬರಿಗೂ ಹೊಳೆದಿರಲಿಲ್ಲ. ಆಟ ನೋಡಿ ನೋಡಿ ಕಣ್ಣು ಸವೆಸಿದ ನನಗೂ ಹೊಳೆದಿರಲಿಲ್ಲ. ಮೆಟ್ಟಿಲಿಳಿಯುವಾಗ ಕೇಳಿದೆ, “ನಿಮಗೆ ಗೊತ್ತಿತ್ತಿಲ್ಯ?” ಅವರು ಇಳಿಯುತ್ತಲೇ ಹೋದರು. ನಾನು ಅವರ ಬಲಕ್ಕಿದ್ದೆ, ಕೇಳಿಸಲಿಲ್ಲವೋ ಏನೋ. ಎರಡನೇ ಸಲ ಕೇಳುವ ಧೈರ್ಯ ಬರಲಿಲ್ಲ.

ಶಿರಸಿ ಡಾಕ್ಟರ ಚೀಟಿಯ ಮೇಲೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಮಿದುಳಿನ ಡಾಕ್ಟರು ಚಿತ್ರವನ್ನು ಪರದೆಯ ಮೇಲೆ ಹಾಕಿ ಪೆನ್ನಿನ ತುದಿಯಿಂದ ತೋರಿಸಿದರು. ಬಲಗಿವಿಯ ಒಳಗೆ, ಮಿದುಳಿಗೆ ತಾಗಿಕೊಂಡು, ಒಂದು ಬಿಳಿ ಉಂಡೆ. ಕೇಳುವ ನರದ ಹೊದಿಕೆಯ ಮೇಲೆ ಬೆಳೆದ ಗಡ್ಡೆಯಂತೆ. ಗಡ್ಡೆ ಅಂದದ್ದೇ, “ಕ್ಯಾನ್ಸರ್ರಾ?” ಅಂದೆ.

“ಅಲ್ಲ ತಾಯಿ. ತಲೆಯೊಳಗಿನ ಗಡ್ಡೆ ಎಲ್ಲ ಒಂದೇ ಜಾತಿಯಲ್ಲ,” ಅಂದರು. ಮಿದುಳಿನ ಜೀವಕೋಶದಿಂದಲೇ ಹುಟ್ಟುವುದು ಬೇರೆ, ಮಿದುಳಿನ ಹೊದಿಕೆಯಿಂದ ಹುಟ್ಟುವುದು ಬೇರೆ, ನರದ ಮೇಲೆ ಬರುವುದು ಬೇರೆ. ಶ್ವಾಸಕೋಶದಲ್ಲೋ ಸ್ತನದಲ್ಲೋ ಶುರುವಾಗಿ ತಲೆಗೆ ಹರಡುವುದೂ ಉಂಟು. ದೊಡ್ಡವರಿಗೆ ಹೆಚ್ಚಾಗಿ ಮಿದುಳಿನ ಮೇಲ್ಭಾಗದಲ್ಲಿ, ಮಕ್ಕಳಿಗೆ ಬಹಳ ಸಲ ಹಿಂದಲೆಯ ಕೆಳಗೆ, ಮೈಯ ಸಮತೋಲ ಕಾಯುವ ಜಾಗದಲ್ಲಿ. ನಮ್ಮದು ನಿಧಾನದ್ದು, ಬೇರೆ ಕಡೆ ಹರಡುವಂಥದ್ದಲ್ಲ. “ಆದರೆ ತಲೆಬುರುಡೆ ಹಿಗ್ಗುವುದಿಲ್ಲ ನೋಡಿ. ಇದು ಮಿದುಳನ್ನು ಒತ್ತುತ್ತಿದೆ. ಬಿಟ್ಟರೆ ಜೀವಕ್ಕೇ ಕಷ್ಟ, ತೆಗೆಯಲೇಬೇಕು.”

ನನಗೆ ತಲೆಬುಡ ತಿಳಿಯಲಿಲ್ಲ. ಕ್ಯಾನ್ಸರಲ್ಲದ್ದು ಜೀವ ತೆಗೆಯುವುದು ಹೇಗೆ ಎಂದು ಡಾಕ್ಟರ ಮೇಲೇ ರೇಗಿದೆ. ಗಂಡ ಮಾತ್ರ ಒಂದನ್ನೇ ಕೇಳಿದರು: “ಎಡಗಿವಿ ಉಳೀತದಲ್ಲ?”

“ಎಡಕ್ಕೇನೂ ಆಗುವುದಿಲ್ಲ. ಬಲದ್ದು ಪೂರ್ತಿ ಹೋಗುತ್ತದೆ. ಮುಖ ಅಲ್ಲಾಡಿಸುವ ನರ ಗಡ್ಡೆಗೆ ಅಂಟಿಕೊಂಡಿದೆ. ಅದನ್ನು ಉಳಿಸಲು ಪ್ರಯತ್ನ ಮಾಡ್ತೇವೆ.”

“ಹಂಗಾರೆ ತೆಗೀರಿ. ಮದ್ದಳೆಗೆ ಮುಖ ಎಂತಕ್ಕೆ?” ಅಂದರು. ಅಲ್ಲಿ ಹೇಳುವ ಮಾತೇ ಅದು! ಡಾಕ್ಟರು ನಕ್ಕರು. ನನಗೆ ಸಿಟ್ಟು ಬಂತು.

ಹೊರಗೆ ಬೆಂಚಿನ ಮೇಲೆ ಯಲ್ಲಾಪುರದಾಚೆಯ ಒಬ್ಬ ಹೆಂಗಸು ಮಗಳನ್ನು ಒರಗಿಸಿಕೊಂಡು ಕೂತಿದ್ದರು. ಮೂರನೇ ಇಯತ್ತೆಯ ಹುಡುಗಿ, ತಲೆ ಬೋಳಿಸಿತ್ತು. “ಮುಂಜಾನೆ ಎದ್ದ ಕೂಡ್ಲೆ ವಾಂತಿ ಮಾಡ್ತಿತ್ತುರೀ. ಪಿತ್ತ ಅಂತ ಜೀರಿಗಿ ಕಷಾಯ ಕುಡಿಸಿದ್ವಿ. ಸಾಲಿ ತಪ್ಪಸಾಕ ನಾಟಕ ಮಾಡ್ತಾಳ ಅಂತ ಎರಡು ಬಡದೆ ರೀ ನಾನು,” ಅಂದರು. ಹಿಂದಲೆಯ ಗಡ್ಡೆಯಂತೆ, ಕೆಟ್ಟ ಜಾತಿಯದೇ. ತೆಗೆದಾದ ಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕಂತೆ, ವಾಸಿಯಾಗುವ ಆಸೆ ಇದೆಯಂತೆ. ಆಮೇಲೆ ಕೇಳಿದರು, “ನಿಮ್ಮವರದು ಯಾವುದ್ರೀ?”

ನಮ್ಮದು ಕ್ಯಾನ್ಸರಲ್ಲ ಎನ್ನಲು ನಾಚಿಕೆಯಾಯಿತು. ಇಷ್ಟು ಹೊತ್ತು ಜಗತ್ತೇ ಮುಳುಗಿದಂತೆ ಕೂಗಾಡಿದವಳು ನಾನು. “ಕಿವಿ ಹತ್ರದ್ದು” ಎಂದಷ್ಟೇ ಹೇಳಿ ಹುಡುಗಿಯ ಕಾಲು ಸವರಿದೆ. ಅದು ನನ್ನ ಬಳೆ ಎಣಿಸತೊಡಗಿತು.

ಶಸ್ತ್ರಚಿಕಿತ್ಸೆ ಬೆಳಗ್ಗೆ ಶುರುವಾಗಿ ಸಂಜೆಗೆ ಮುಗಿಯಿತು. ಒಳಗೆ ಬಿಟ್ಟಾಗ ನೋಡಿದರೆ ಹಾಸಿಗೆಯ ಮೇಲೆ ಯಾರೋ ಬೇರೆ ಮನುಷ್ಯ. ಬಲಗಡೆ ಬಾಯಿ ಜಾರಿತ್ತು, ಬಲಗಣ್ಣು ಮುಚ್ಚದು. ಮೊದಲೇ ಹೇಳಿದ್ದರು, ನಿಜ. ಕೇಳಿದ್ದು ಬೇರೆ, ಕಂಡದ್ದು ಬೇರೆ. ನಾನು ಬಾಗಿಲಿಗೆ ಒರಗಿ ನಿಂತುಬಿಟ್ಟೆ. ನರ ತುಂಡಾಗಿಲ್ಲ, ನಿಧಾನಕ್ಕೆ ಸರಿಯಾಗಬಹುದು ಎಂದರು ಡಾಕ್ಟರು. ಆಗಬಹುದು ಅಂದರು, ಆಗುತ್ತದೆ ಅನ್ನಲಿಲ್ಲ. ಮನೆಗೆ ಬಂದ ಮೇಲೆ ದಿನವೂ ಆ ಕಣ್ಣಿಗೆ ಔಷಧಿ ಬಿಟ್ಟು ಟೇಪು ಅಂಟಿಸುವುದು ನನ್ನ ಕೆಲಸವಾಯಿತು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಮೇಳದ ಭಾಗವತರು ಮನೆಗೆ ಬಂದರು. ಶ್ರುತಿಪೆಟ್ಟಿಗೆ ಹಚ್ಚಿಟ್ಟು, ತಾಳ ಹಿಡಿದು ಒಂದು ಪದ್ಯ ಎತ್ತಿದರು. ಗಂಡ ಮದ್ದಳೆ ತೊಡೆಯ ಮೇಲೆಳೆದುಕೊಂಡು, ಎಡಗಿವಿಯನ್ನು ಹಾಡಿನತ್ತ ತಿರುಗಿಸಿ, ಮೊದಲ ಪೆಟ್ಟು ಹಾಕಿದರು. ಎರಡು ಸಲ ತಪ್ಪಿತು. ಮೂರನೆಯ ಸಲ ಕೂತಿತು. ಅಲ್ಲಿಂದ ಮುಂದೆ ಎಲ್ಲೂ ಜಾರಲಿಲ್ಲ, ಮುಕ್ತಾಯವೂ ಸರಿಯಾಗಿ ಬಂತು. ಭಾಗವತರು ತಾಳ ಕೆಳಗಿಟ್ಟು “ಭೇಷ್” ಅಂದರು. ಅವರ ಬಲಕ್ಕೆ ಕೂತಿದ್ದ ನಾನು ಗಂಡನ ಮುಖ ನೋಡಿದೆ. ಅಲ್ಲಿ ಸಂತೋಷವಿಲ್ಲ, ದುಃಖವಿಲ್ಲ, ಏನೂ ಇಲ್ಲ. ಇಷ್ಟೆಲ್ಲ ಪಾಡು ಪಟ್ಟು ಬದುಕಿ ಬಂದ ಮೇಲೂ ಈ ಮನುಷ್ಯನಿಗೆ ಮದ್ದಳೆಯೂ ಬೇಡವಾಯಿತೇ ಎಂದು ತಡೆಯಲಾರದೆ ಅತ್ತುಬಿಟ್ಟೆ.

ಅವರು ಗಾಬರಿಯಾಗಿ ಇತ್ತ ತಿರುಗಿದರು. ಮುಖದ ಇನ್ನೊಂದು ಅರ್ಧ ಆಗ ಕಂಡಿತು.

“ಎಂತಕ್ಕೆ ಅಳ್ತೆ ಮಾರಾಯ್ತಿ? ಆನು ನಗ್ತಾ ಇದ್ದಿ, ಕಾಣ್ತಿಲ್ಯ?”