ಎಂಟರಿಂದ ಎಂಟೂನಲವತ್ತರ ಬಿಸಿಲು

ಸೂರ್ಯ ಮೂಡುವ ಮೊದಲು ದ್ರಾಕ್ಷಾಯಿಣಿ ಇಷ್ಟನ್ನು ಮುಗಿಸಿರುತ್ತಿದ್ದಳು: ಬಾಗಿಲಿಗೆ ನೀರು ಹೊಡೆದು ರಂಗೋಲಿ ಹಾಕುವುದು, ಹಂಡೆಯ ಒಲೆಗೆ ಉರಿ ಹಚ್ಚುವುದು, ಅತ್ತೆಗೆ ಬೆಲ್ಲದ ಚಹಾ, ಗಂಡನಿಗೆ ಸಕ್ಕರೆಯದು, ಹನ್ನೆರಡು ರೊಟ್ಟಿ ಬಡಿದು ಬದನೆಕಾಯಿ ಪಲ್ಯ ಇಳಿಸುವುದು, ಕೂಸು ರಾತ್ರಿ ಒದ್ದೆ ಮಾಡಿದ ಬಟ್ಟೆ ಒಗೆದು ಹಗ್ಗಕ್ಕೆ ಹಾಕುವುದು. ನಡುವೆ ಎರಡು ಸಲ ಮೊಲೆಯೂಡಿಸುವುದೂ ಇತ್ತು. ಅದು ಕೂತು ಮಾಡುವಂಥದ್ದಾದ್ದರಿಂದ ಮನೆಯವರು ಅದನ್ನು ವಿಶ್ರಾಂತಿಯೆಂದು ಎಣಿಸುತ್ತಿದ್ದರು.

೧೯೯೮ರ ಚಳಿಗಾಲದಲ್ಲಿ ಈ ಯಾದಿಗೆ ಇನ್ನೊಂದು ಸೇರಿತು. ಕೂಸು ವಿದ್ಯಾಗೆ ಆಗ ಆರು ತಿಂಗಳು. ಡಾಕ್ಟರು ಅವಳ ಕಾಲು ಒತ್ತಿ ನೋಡಿ, ಎಲುಬು ಮೆತ್ತಗಿವೆ, ಔಷಧದ ಜೊತೆ ದಿನಾ ಅರ್ಧ ತಾಸು ಎಳೆಬಿಸಿಲಲ್ಲಿ ಬರಿಮೈಯಲ್ಲಿ ಮಲಗಿಸಿ, ಇಲ್ಲದಿದ್ದರೆ ನಿಲ್ಲುವ ಹೊತ್ತಿಗೆ ಕಾಲು ಬಾಗುತ್ತವೆ ಎಂದರು.

ಗೋಕುಲ ರಸ್ತೆಯ ಒಳಗಿದ್ದ ಅವರ ಚಾಳು ಪಶ್ಚಿಮಕ್ಕೆ ಮುಖ ಮಾಡಿತ್ತು. ಮುಂಜಾನೆಯ ಬಿಸಿಲು ಬೇಕೆಂದರೆ ಓಣಿ ದಾಟಿ ಖಾಲಿ ಜಾಗಕ್ಕೆ ಹೋಗಬೇಕು. ಅಲ್ಲಿಗೂ ಸೂರ್ಯ ಗೋದಾಮಿನ ತಗಡು ದಾಟಿ ಬರುವುದು ಎಂಟಕ್ಕೆ. ಎಂಟೂನಲವತ್ತಕ್ಕೆ ಬೇವಿನ ಮರದ ಹಿಂದೆ ಸರಿದುಬಿಡುತ್ತಿದ್ದ.

ಬಿಸಿಲಿನ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಲೇತ್ ಶೆಡ್ಡಿನಲ್ಲಿ ದುಡಿಯುತ್ತಿದ್ದ ಗಂಡ ಕಲ್ಲೇಶ ಅದರ ಮಹಿಮೆಯನ್ನು ಜೊತೆಗಾರರಿಗೆಲ್ಲ ಹೇಳಿದ್ದ. ಒಂದು ಭಾನುವಾರ ಕೂಸನ್ನು ಎತ್ತಿಕೊಂಡು ಬಿಸಿಲಲ್ಲಿ ನಿಂತಿದ್ದ ಕೂಡ. ಗೆಳೆಯನೊಬ್ಬ ಕ್ಯಾಮೆರಾ ತಂದಿದ್ದ. ಫೋಟೋ ಆದ ಮೇಲೆ ಕೂಸು ಉಚ್ಚೆ ಹೊಯ್ದಿತು. ಅವತ್ತಿಗೆ ಬಿಸಿಲು ಸಾಕೆನಿಸಿತು. ಉಳಿದ ದಿನ ಅವನು ಎಂಟೂಹತ್ತಕ್ಕೆ ಹೊರಡುತ್ತಿದ್ದ. ಬುತ್ತಿ, ಕರವಸ್ತ್ರ, ಸೈಕಲ್ ಕೀಲಿ ಮೂರನ್ನೂ ಯಾರಾದರೂ ಕೈಗೆ ಕೊಡದೆ ಹೋದರೆ ಅವನ ಕಣ್ಣಿಗೆ ಅವು ಕಾಣುತ್ತಿರಲಿಲ್ಲ.

ಅತ್ತೆ ಹುಲಿಗೆವ್ವನೂ ಬೇಡವೆನ್ನಲಿಲ್ಲ. "ಬಿಸಲ ತೋರ್ಸವಾ, ಯಾರ ಬ್ಯಾಡಂದಾರ? ಥಂಡಿ ಹತ್ತಬಾರ್ದು, ಅಷ್ಟ," ಎಂದು ತಾನೇ ಕೂಸನ್ನು ಸಜ್ಜುಗೊಳಿಸುತ್ತಿದ್ದಳು. ಕಿವಿಗೆ ಅರಳೆ, ತಲೆಗೆ ಕುಲಾವಿ, ಅದರ ಮೇಲೆ ಉಣ್ಣೆಯ ಟೊಪ್ಪಿಗೆ, ಎರಡು ಸ್ವೆಟರ್, ಕಾಲುಚೀಲ, ಎಲ್ಲದರ ಮೇಲೆ ಒಂದು ಶಾಲು. ಓಣಿ ದಾಟಿಸಿ ತಂದಾಗ ಬಿಸಿಲಿಗೆ ಸಿಗುತ್ತಿದ್ದದ್ದು ಕೂಸಿನ ಮೂಗು.

ಪಕ್ಕದ ಮನೆಯ ಸಿತಾರಾ ಖಾಲಿ ಜಾಗದಲ್ಲಿ ಬಿಸಿಲು ಕಾಯಿಸುತ್ತ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು.

"ಅಕ್ಕಾ, ಇದರಾಗ ಕೂಸ ಐತೋ, ಬರೇ ಗಂಟ ತಂದೀರೋ?"

"ಐತಿ. ಮೂಗ ನೋಡು."

"ಮೂಗ ಗಟ್ಟಿ ಆಗಿ ಏನ ಮಾಡೂದೈತ್ರಿ? ನಡಿಯೂದು ಕಾಲಿಲೆ ಅಲ್ಲೇನು?"

"ಅತ್ತಿ ಕಿಟಕ್ಯಾಗ ನಿಂತಾರ."

ಸಿತಾರಾ ತಿರುಗಿ ನೋಡಿದಳು. ನಿಂತಿದ್ದರು. ಅವಳು ಹಲ್ಲಿನಿಂದ ದಾರ ಕಡಿದು ಇನ್ನೊಂದು ಸಾಲು ಹೊಲಿಗೆ ಹಿಡಿದಳು.

ತಿಂಗಳಾದ ಮೇಲೆ ಡಾಕ್ಟರು ಮತ್ತೆ ಕಾಲು ಒತ್ತಿ ನೋಡಿದರು.

"ಬಿಸಲ ತೋರ್ಸಾಕತ್ತಿಲ್ಲೇನು?"

"ದಿನಾ ತೋರಸ್ತೀವ್ರಿ," ಎಂದ ಕಲ್ಲೇಶ.

"ಮೂಗಿಗೆ," ಎಂದಳು ದ್ರಾಕ್ಷಾಯಿಣಿ. ಯಾರಿಗೂ ಕೇಳಿಸಲಿಲ್ಲ.

"ಸಂಕ್ರಾಂತಿ ಆದಮ್ಯಾಲೆ ಬರ್ರಿ. ಆಗೂ ಹಿಂಗ ಇದ್ರ ಕಾಲಿಗೆ ಪಟ್ಟಿ ಕಟ್ಟಬೇಕಾಗ್ತದ," ಎಂದರು ಡಾಕ್ಟರು. ಸಂಕ್ರಾಂತಿಗೆ ಹದಿನೇಳು ದಿನ ಉಳಿದಿದ್ದವು.

ಅದೇ ವಾರ ಹುಲಿಗೆವ್ವನ ಅಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದು ಬಂತು. ಹುಲಿಗೆವ್ವ ಸ್ವೆಟರುಗಳನ್ನು ತೊಡಿಸುವ ಕ್ರಮವನ್ನು ಎರಡು ಸಲ ಹೇಳಿ, ಒಂದು ರಾತ್ರಿಯ ಮಟ್ಟಿಗೆ ತವರೂರು ಗರಗಕ್ಕೆ ಹೋದಳು.

ಮರುದಿನ ನೀರಿನ ದಿನ. ಅವರ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಎಷ್ಟು ಹೊತ್ತಿಗೆ ಎಂಬುದು ನೀರಿಗೇ ಗೊತ್ತು. ಆರು ಮನೆಗೆ ಒಂದೇ ನಳ. ಪಾಳಿ ತಪ್ಪಿದವರು ಮತ್ತೆ ಎಂಟು ದಿನ ರಸ್ತೆಯಾಚೆಯ ಬೋರಿನಿಂದ ಹೊರಬೇಕು.

ಕಲ್ಲೇಶ ಬುತ್ತಿ, ಕರವಸ್ತ್ರ, ಕೀಲಿ ಇಸಿದುಕೊಂಡ. "ಇವತ್ತ ನೀರ ಬರ್ತಾವ. ಪಾಳಿ ಬಿಡಬ್ಯಾಡ."

"ಕೂಸಿಗೆ ಬಿಸಲ್ರಿ?"

"ಅದನ್ನೂ ಬಿಡಬ್ಯಾಡ."

"ಎರಡೂ ಒಮ್ಮೆಲೇ ಬಂದ್ರ?"

ಅವನು ಸೈಕಲ್ ಹತ್ತಿಯಾಗಿತ್ತು. "ನೀನ ನೋಡಿ ಮಾಡು," ಎಂದು ಹೋದ. ಮನೆಯ ನಿರ್ಧಾರವೊಂದು ಅವಳ ಕೈಗೆ ಬಂದದ್ದು ಅದೇ ಮೊದಲು. ಕೊಟ್ಟವನಿಗೆ ಕೊಟ್ಟದ್ದು ಗೊತ್ತಿರಲಿಲ್ಲ.

ದ್ರಾಕ್ಷಾಯಿಣಿ ಕೂಸಿನ ಮೈಗೆ ಬೆಚ್ಚಗಿನ ಎಣ್ಣೆ ಹಚ್ಚಿ, ಸೀರೆಯ ಸೆರಗಷ್ಟೇ ಹೊದಿಸಿ ಓಣಿ ದಾಟಿದಳು. ಸಿತಾರಾ ಅರ್ಧ ಹೊಲಿದ ಕೌದಿಯನ್ನು ನೆಲಕ್ಕೆ ಹಾಸಿದಳು.

ಕೂಸು ಮೊದಲು ಹುಬ್ಬು ಗಂಟಿಕ್ಕಿತು. ಒಂದು ಸಲ ಸೀನಿತು. ಇಬ್ಬರೂ ಕಿಟಕಿಯ ಕಡೆ ನೋಡಿದರು, ಕಿಟಕಿ ಖಾಲಿಯಿತ್ತು. ಎರಡನೇ ಸೀನು ಬರಲಿಲ್ಲ. ತೊಡೆಗೆ ಬಿಸಿಲು ಹತ್ತಿದ ಮೇಲೆ ಕೂಸು ಒಂದು ಕಾಲೆತ್ತಿ, ಇದು ತನ್ನದೇ ಹೌದೋ ಅಲ್ಲವೋ ಎಂಬಂತೆ ನೋಡಿತು. ಆಮೇಲೆ ಎರಡೂ ಕಾಲಿನಿಂದ ಗಾಳಿಯನ್ನು ಒದೆಯತೊಡಗಿತು. ಸ್ವೆಟರು, ಶಾಲುಗಳ ಒಳಗೆ ಒಂದು ತಿಂಗಳು ಒದೆಯಲಾಗದೆ ಉಳಿದದ್ದನ್ನೆಲ್ಲ ಒದೆಯುತ್ತಿರುವಂತಿತ್ತು.

ಎಂಟೂಇಪ್ಪತ್ತಕ್ಕೆ ನಳ ಬುಸುಗುಟ್ಟಿತು.

"ನೀರ ಬಂದ್ವು. ಏಳ್ರಿ ಅಕ್ಕಾ, ಮೊದಲ ಪಾಳಿ ನಿಮ್ದ," ಎಂದು ಸಿತಾರಾ ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡು ಕೊಡ ತರಲು ಓಡಿದಳು. ಚಾಳಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಖಾಲಿ ಜಾಗದಲ್ಲಿ ತಾಯಿ ಮತ್ತು ಕೂಸು ಇಬ್ಬರೇ ಉಳಿದರು.

ದ್ರಾಕ್ಷಾಯಿಣಿ ಗೋದಾಮಿನ ಕಡೆ ನೋಡಿದಳು, ಬೇವಿನ ಮರದ ಕಡೆ ನೋಡಿದಳು. ಇನ್ನೂ ಇಪ್ಪತ್ತು ನಿಮಿಷ. ನಾಳೆಯೂ ಬಿಸಿಲು ಬರುತ್ತದೆ. ಆದರೆ ಅಷ್ಟರಲ್ಲಿ ಅತ್ತೆಯೂ ಬಂದಿರುತ್ತಾಳೆ. ದಿನಕ್ಕೆ ಹತ್ತು ಕೊಡ ಬೇಕು. ಕಲ್ಲೇಶನ ಸೈಕಲ್ಲಿಗೆ ಎರಡೂ ಬದಿ ಒಂದೊಂದು ಕೊಡ ಕಟ್ಟಿದರೆ ಬೋರಿಗೆ ಐದೇ ಸಲ ಹೋಗಿಬಂದರಾಯಿತು. ಇಷ್ಟು ವರ್ಷ ಆ ಸೈಕಲ್ಲಿಗೆ ಕೊಡ ಕಟ್ಟಿ ನೋಡಿದವರಿಲ್ಲ. ಸಂಜೆ ಅವನು ಬರುವ ಹೊತ್ತಿಗೆ ಖಾಲಿ ಕೊಡಗಳನ್ನು ಹಗ್ಗದ ಸಮೇತ ಹೊಸ್ತಿಲ ಮೇಲೇ ಇಟ್ಟಿದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತವೆ.

"ದ್ರಾಕ್ಷಾಯಿಣಿ, ಎಲ್ಲದಾವ ನಿನ್ನ ಕೊಡ? ಪಾಳಿ ಹೊಂಟೈತಿ," ಎಂದು ನಳದ ಹತ್ತಿರದಿಂದ ಯಾರೋ ಕೂಗಿದರು.

"ಹೋಗ್ಲಿ. ಹಿಂದಿನವ್ರು ತುಂಬ್ಕೊಳ್ರಿ."

ಹೊಟ್ಟೆಯ ಕಡೆ ಆಗಿತ್ತು, ಬೆನ್ನು ಉಳಿದಿತ್ತು. ಅವಳು ಕೂಸನ್ನು ಮಗುಚಿ ಹಾಕಿದಳು.